ಲಿಮ್ನೋಸ್ ದ್ವೀಪದಲ್ಲಿ ಕೈಟ್‌ಸರ್ಫಿಂಗ್ ರಜೆಯನ್ನು ಯೋಜಿಸುವ ಬಗೆ

ದೊಡ್ಡ ಗಾಳಿಪಟದ (ಕೈಟ್) ಎಳೆತದಿಂದ, ಹಲಗೆಯ ಮೇಲೆ ನಿಂತು ನೀರಿನ ಮೇಲೆ ಸಾಗುವ ಆಟವೇ ಕೈಟ್‌ಸರ್ಫಿಂಗ್. ಗ್ರೀಸ್ ದೇಶಕ್ಕೆ ಸೇರಿದ, ಉತ್ತರ ಏಜಿಯನ್ ಸಮುದ್ರದ ಲಿಮ್ನೋಸ್ ದ್ವೀಪಕ್ಕೆ ಸಾಂಟೊರಿನಿ ದ್ವೀಪದಂಥ ಜನಜಂಗುಳಿ ಇನ್ನೂ ತಲುಪಿಲ್ಲ. ಗಾಳಿಯೇ ಮುಖ್ಯವೆನ್ನುವವರು, ಮೆಲ್ಟೆಮಿ ಎಂಬ ಉತ್ತರದ ಒಣಗಾಳಿ ಬಲವಾಗಿ ಬೀಸುವ ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ಆರಿಸಿಕೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಉಳ್ಳವರು ಷೆಂಗೆನ್ ವೀಸಾಕ್ಕೆ (ಗ್ರೀಸ್ ಸೇರಿ ಹಲವು ಯುರೋಪಿನ ದೇಶಗಳಿಗೆ ಒಂದೇ ವೀಸಾ) ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅಥೆನ್ಸ್‌ನಿಂದ ದ್ವೀಪಕ್ಕೆ ವಿಮಾನವಿದೆ. ಅಲ್ಲಿ ಬಸ್ಸುಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಬಾಡಿಗೆ ಕಾರು ಪಡೆಯುವುದೇ ಲೇಸು.

ಪೂರ್ವ ಕರಾವಳಿಯ ಕೇರೋಸ್ ಕಡಲತೀರದಲ್ಲಿ ಮರಳಿನ ತಳ ಬಹುದೂರದವರೆಗೆ ಆಳವಿಲ್ಲದೆ ಸಾಗುವುದರಿಂದ, ಬಿದ್ದರೂ ಕಾಲೂರಿ ನಿಲ್ಲಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಸುಮಾರು 75 ಕಿಲೋ ತೂಕದವರಿಗೆ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದ ಗಾಳಿಯಲ್ಲಿ 9 ಚದರ ಮೀಟರಿನ ಕೈಟ್ ಸಾಕು, ಗಾಳಿ ಹೆಚ್ಚಿದಂತೆ ಚಿಕ್ಕದು ಬೇಕು. ನೀರಿಗಿಳಿಯುವ ಮೊದಲು ಬಾರ್‌ನಲ್ಲಿರುವ (ಕೈಟನ್ನು ನಿಯಂತ್ರಿಸುವ ಹಿಡಿಗೋಲು) ತುರ್ತು ಬಿಡುಗಡೆಯ ಹಿಡಿಯನ್ನು ಒಮ್ಮೆ ಮೈಯಿಂದ ದೂರಕ್ಕೆ ತಳ್ಳಿ ಪರೀಕ್ಷಿಸಿ, ಅದರಲ್ಲಿ ಸಿಕ್ಕಿಕೊಂಡ ಮರಳನ್ನು ಸಿಹಿನೀರಿನಿಂದ ತೊಳೆಯಬೇಕು. ಗಾಳಿ ದಡದಿಂದ ಸಮುದ್ರದತ್ತ ಬೀಸುತ್ತಿದ್ದರೆ, ರಕ್ಷಣಾ ದೋಣಿಯಿಲ್ಲದೆ ಇಳಿಯಲೇಬಾರದು.

ಹಕ್ಕಿಗಳನ್ನು ನೋಡಬಯಸುವವರ ಲೆಕ್ಕಾಚಾರ ಬೇರೆ. ಕೇರೋಸ್‌ಗೆ ಹತ್ತಿರವಿರುವ ಅಲಿಕಿ ಉಪ್ಪುಸರೋವರ ಬೇಸಿಗೆಯಲ್ಲಿ ಬತ್ತಿ, ನೆಲದ ಮೇಲೆ ಬಿಳಿಯ ಉಪ್ಪಿನ ಹೆಪ್ಪು ಮಾತ್ರ ಉಳಿಯುತ್ತದೆ. ಫ್ಲೆಮಿಂಗೊಗಳು ಬೇಕೆಂದರೆ ಚಳಿಗಾಲದಲ್ಲಿ ಅಥವಾ ವಸಂತದ ಆರಂಭದಲ್ಲಿ ಹೋಗಬೇಕು, ಆಗ ದುರ್ಬೀನು ಒಯ್ದು ದೂರದಿಂದಲೇ ನೋಡುವುದು ಸರಿ. ಗಾಳಿ ನಿಂತ ದಿನಗಳಿಗೆ ಉತ್ತರದ ಗೊಮಾತಿ ಬಳಿಯ ಮರಳುದಿಬ್ಬಗಳೂ, ದ್ವೀಪದ ಮುಖ್ಯ ಪಟ್ಟಣವಾದ ಮಿರಿನಾದಲ್ಲಿ ಜಿಂಕೆಗಳು ಅಡ್ಡಾಡುವ ಕೋಟೆಯೂ ಇವೆ.