ಸಾಫ್ಟ್‌ವೇರ್ ಮಾಡಿಸುವ ಮೊದಲು ಕೆಲಸದ ನಕ್ಷೆ ಬರೆಯಿರಿ

ವಿಜಯಪುರದ ಸುತ್ತ ಬೇಸಿಗೆ ಬಂತೆಂದರೆ ಒಣದ್ರಾಕ್ಷಿಯ ಕಾಲ. ಶೆಡ್ಡಿನಲ್ಲಿ ಒಣಗಿದ ಮಾಲು ಬಾಕ್ಸ್ ಸೇರಿ ಕೋಲ್ಡ್ ಸ್ಟೋರೇಜಿಗೆ ಬರುತ್ತದೆ. ಗೇಟಿನ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ. ಇಂಥದ್ದೊಂದು ಸ್ಟೋರೇಜಿಗೆ ಕೆಲವು ವರ್ಷಗಳ ಹಿಂದೆ ನಾನು ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಟ್ಟೆ. ಮಾಲೀಕರ ಎದುರು ಎರಡು ತಾಸು ಕೂತು ಬರೆದುಕೊಂಡಿದ್ದು ಇಷ್ಟೇ: ಮಾಲು ಬರುತ್ತದೆ, ರಸೀದಿ ಕೊಡುತ್ತೇವೆ, ರಸೀದಿ ತಂದರೆ ಮಾಲು ಕೊಡುತ್ತೇವೆ. ನಾನು ಮಾಡಿದ ಸ್ಕ್ರೀನೂ ಮೂರೇ.

ಎರಡನೇ ವಾರಕ್ಕೆ ಕಾರಕೂನರು ಕಂಪ್ಯೂಟರ್ ಬಂದ್ ಮಾಡಿ ಹಳೇ ರಜಿಸ್ಟರ್ ತೆಗೆದರು. ಒಬ್ಬ ರೈತರು 200 ಬಾಕ್ಸ್ ಇಟ್ಟಿದ್ದರು. ಅದರಲ್ಲಿ 60 ವ್ಯಾಪಾರಿಗೆ ಹೋಯಿತು. ಐದನ್ನು ಮನೆಯ ಮದುವೆಗೆ ಅವರೇ ಒಯ್ದರು. ನನ್ನ ಸ್ಕ್ರೀನಿಗೆ ಗೊತ್ತಿದ್ದದ್ದು ಪೂರ್ತಿ 200 ಕೊಡುವುದು ಮಾತ್ರ. ಅಲ್ಲಿ ಒಂದು ದಿನ ನಿಂತು ನೋಡಿದ್ದರೂ ಇದು ತಿಳಿಯುತ್ತಿತ್ತು. ಆಮೇಲೆ ಹೋಗಿ ನಿಂತೆ. ಯಾರು ಯಾವ ಕೆಲಸ ಮಾಡುತ್ತಾರೆ, ಅದಾದ ಮೇಲೆ ಏನಾಗುತ್ತದೆ ಅಂತ ಹಾಳೆಯ ಮೇಲೆ ಚಿತ್ರ ಮಾಡಿದೆ. ಅದೇ ಕೆಲಸದ ನಕ್ಷೆ. ಅದನ್ನು ಮಾಡಿದ ಬಗೆಯನ್ನೇ ಇಲ್ಲಿ ಹೇಳುತ್ತೇನೆ. ಅಂಗಡಿ, ಗಿರಣಿ, ಸೊಸೈಟಿ ಯಾವುದೇ ಇರಲಿ, ದಾರಿ ಇದೇ.

ಒಂದೇ ಕೆಲಸ ಹಿಡಿಯಿರಿ

'ಸ್ಟೋರೇಜಿನ ವ್ಯವಹಾರ' ಅಂತ ನಕ್ಷೆ ಬರೆಯಲು ಹೊರಟರೆ ಅದು ಮುಗಿಯುವುದೇ ಇಲ್ಲ. 'ಮಾಲು ಹೊರಗೆ ಹೋಗುವುದು' ಅಂತ ಒಂದನ್ನೇ ಹಿಡಿಯಿರಿ. ಶುರು ಎಲ್ಲಿ, ಮುಗಿಯುವುದು ಎಲ್ಲಿ ಅಂತ ಮೊದಲೇ ಬರೆದಿಡಿ. ನಮ್ಮಲ್ಲಿ ಯಾರೋ ಬಂದು ಮಾಲು ಕೇಳಿದಾಗ ಶುರು. ಗಾಡಿ ಗೇಟು ದಾಟಿ, ಮಾಲು ಇಟ್ಟದ್ದರ ಬಾಡಿಗೆ ಲೆಕ್ಕ ಬರೆದಾಗ ಮುಗಿಯಿತು.

ನಿಂತು ನೋಡಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಒಂದು ಚೀಟಿ ಹಿಡಿದು, ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೋ ಅದರ ಹಿಂದೆಯೇ ನಡೆಯಿರಿ. 'ಸಾಮಾನ್ಯವಾಗಿ ಹೇಗೆ ಮಾಡ್ತೀರಿ?' ಅಂತ ಕೇಳಿದರೆ ಎಲ್ಲರೂ ನಿಯಮ ಹೇಳುತ್ತಾರೆ. 'ನಿನ್ನೆ ಸಂಜೆ ಬಂದ ಗಾಡಿಗೆ ಏನು ಮಾಡಿದ್ರಿ?' ಅಂತ ಕೇಳಿ, ನಡೆದದ್ದು ಹೊರಬರುತ್ತದೆ. ರಸೀದಿ ಇಲ್ಲದೆ ಬಂದವರಿಗೆ ಏನು ಮಾಡುತ್ತೀರಿ ಅಂತ ನಾನು ಹಮಾಲರನ್ನು ಕೇಳಿದೆ. ಹಿರಿಯರೊಬ್ಬರು, 'ಕಾಯಂ ಮಂದಿ ಇದ್ರ ಫೋನ್ ಹಚ್ಚಿ ಕೇಳ್ತಾರ್ರಿ ಸರ. ದನಿ ಗುರ್ತ ಹತ್ತಿದ್ರ ಕೊಟ್ಟ ಬಿಡ್ತೀವಿ' ಅಂದರು. ಮಾಲೀಕರು ಹೇಳಿದ ಮೂರು ಮಾತಿನಲ್ಲಿ ಫೋನು ಎಲ್ಲೂ ಇರಲಿಲ್ಲ.

ಕಾಗದಗಳನ್ನೂ ಕೇಳಿ ಇಸಿದುಕೊಳ್ಳಿ, ಹಿಂಬದಿ ತಿರುಗಿಸಿ ನೋಡಿ. ಆ 200 ಬಾಕ್ಸಿನ ರಸೀದಿಯ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ 60, ಅದರ ಕೆಳಗೆ 5, ಗೆರೆ ಎಳೆದು 135, ಪಕ್ಕದಲ್ಲಿ ಕಾರಕೂನರ ಪುಟ್ಟ ಸಹಿ. ಛಾಪಿಸಿದ ರಸೀದಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಇಡೀ ಸ್ಟಾಕಿನ ಲೆಕ್ಕ ನಿಂತಿದ್ದು ಮಾತ್ರ ಅದರ ಮೇಲೆಯೇ.

ಬರೆಯುವುದು

ಕೆಲಸವನ್ನು ಚಿತ್ರ ಮಾಡಿ ನೋಡುವ ರೂಢಿ ಹಳೆಯದು. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲೇ ಇಂಥ ನಕ್ಷೆಯನ್ನು ಎಂಜಿನಿಯರುಗಳ ಮುಂದಿಟ್ಟಿದ್ದರು. ಈಗ ಹೆಚ್ಚಾಗಿ ಬಳಸುವುದು ಬಿಪಿಎಂಎನ್ ಎಂಬ ಗುರುತುಗಳ ಪದ್ಧತಿ. ಅದರ ಮೊದಲ ರೂಪ 2004ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನ್ಯತೆ ಸಿಕ್ಕಿತು. ಗುರುತುಗಳು ಬಹಳ ಇವೆ, ಹೆದರಬೇಡಿ. ನಾಲ್ಕೈದು ಸಾಕು.

ತೆಳು ಗೆರೆಯ ಸುತ್ತು ಅಂದರೆ ಶುರು. ದಪ್ಪ ಗೆರೆಯ ಸುತ್ತು ಅಂದರೆ ಮುಕ್ತಾಯ. ಮೂಲೆ ದುಂಡಗಿನ ಚೌಕ ಒಂದು ಕೆಲಸ. ಒಳಗೆ 'ರಸೀದಿ' ಅಂತ ಸುಮ್ನೆ ಬರೆಯಬೇಡಿ, 'ರಸೀದಿ ನೋಡುವುದು' ಅಂತ ಬರೆಯಿರಿ. ಡೈಮಂಡ್ ಆಕಾರ ಅಂದರೆ ಪ್ರಶ್ನೆ. 'ರಸೀದಿ ಇದೆಯೇ?' ಅಲ್ಲಿಂದ ಹೊರಡುವ ಒಂದೊಂದು ಬಾಣದ ಮೇಲೂ ಉತ್ತರ ಬೇಕು. ಹಾಳೆಯನ್ನು ಅಡ್ಡ ಪಟ್ಟಿಗಳಾಗಿ ಮಾಡಿ ರೈತರು, ಕಾರಕೂನರು, ಹಮಾಲರು, ಮಾಲೀಕರು ಅಂತ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಬಾಣ ಎಲ್ಲೆಲ್ಲಿ ಪಟ್ಟಿ ದಾಟುತ್ತದೋ ಅಲ್ಲೆಲ್ಲ ಕಣ್ಣಿಡಿ. ಕಾಯುವುದು, ಮರೆಯುವುದು, ಜಗಳ ಎಲ್ಲ ಆಗುವುದು ಬಹುಪಾಲು ಅಲ್ಲೇ.

ಮೊದಲು ಪೆನ್ಸಿಲ್ಲು, ದೊಡ್ಡ ಹಾಳೆ. ಡ್ರಾ ಡಾಟ್ ಐಒ ಥರದ ಉಚಿತ ತಂತ್ರಾಂಶ ಆಮೇಲೆ. ಕಂಪ್ಯೂಟರಿನಲ್ಲಿ ಚೆಂದಾಗಿ ಬಂದ ಚಿತ್ರವನ್ನು ಜನ ತಿದ್ದಲು ಹಿಂಜರಿಯುತ್ತಾರೆ.

ಕೆಲಸ ಮಾಡುವವರಿಗೇ ಓದಿ ತೋರಿಸಿ

ಹಾಳೆಯನ್ನು ತೂಕದ ಕಾಟಾದ ಪಕ್ಕ ಹಾಸಿ ಎಲ್ಲರನ್ನೂ ಕರೆಯಿರಿ. ಬೆರಳಿಟ್ಟು ಒಂದು ಗಾಡಿಯ ಕಥೆ ಹೇಳುತ್ತ ಹೋಗಿ. ನಮ್ಮಲ್ಲಿ ಅರ್ಧ ದಾರಿಗೇ ಕಾರಕೂನರು ತಡೆದು, 'ಬ್ಯಾಂಕಿನವರದ್ದು ಎಲ್ಲೈತ್ರಿ?' ಅಂದರು. ರಸೀದಿಯನ್ನು ಅಡವಿಟ್ಟು ಸಾಲ ತೆಗೆದಿದ್ದರೆ, ಬ್ಯಾಂಕಿನ ಪತ್ರ ಬರುವ ತನಕ ಬಾಕ್ಸ್ ಅಲುಗುವಂತಿಲ್ಲ. ಇಷ್ಟು ದೊಡ್ಡ ಪ್ರಶ್ನೆ ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಹೊಸ ಡೈಮಂಡ್ ಬಂತು, ಬ್ಯಾಂಕಿಗೂ ಒಂದು ಅಡ್ಡ ಪಟ್ಟಿ ಬಂತು.

ಎರಡನೇ ಹಾಳೆ

ಈಗ ನಡೆಯುವುದು ಒಂದು ಹಾಳೆ, ಮುಂದೆ ಹೇಗೆ ನಡೆಯಬೇಕು ಅನ್ನುವುದು ಇನ್ನೊಂದು. ಎರಡನ್ನೂ ಕಲಸಬೇಡಿ. ಎರಡನೇ ಹಾಳೆಯಲ್ಲಿ ಕಂಪ್ಯೂಟರಿಗೆ ಕೊಡುವ ಕೆಲಸಗಳಿಗೆ ಮಾತ್ರ ಕೆಂಪು ಗುರುತು ಹಾಕಿ. ಸಾಫ್ಟ್‌ವೇರ್ ಬರೆಯುವವರಿಗೆ ಬೇಕಾದದ್ದು ಆ ಕೆಂಪು ಚೌಕಗಳು, ಅವುಗಳಿಗೆ ಹೋಗುವ ಮತ್ತು ಅವುಗಳಿಂದ ಬರುವ ಕಾಗದಗಳು, ಮತ್ತೆ ಡೈಮಂಡುಗಳ ಉತ್ತರಗಳು.

ನಾವು ಪೆನ್ಸಿಲ್ಲಿನ ಆ ಕಳೆಯುವ ಲೆಕ್ಕಕ್ಕೆ ಕೆಂಪು ಹಾಕಿದೆವು, ಬ್ಯಾಂಕಿನ ತಡೆಗೂ ಹಾಕಿದೆವು. ಫೋನಿನಲ್ಲಿ ದನಿ ಗುರುತು ಹಿಡಿಯುವುದನ್ನು ಕಾರಕೂನರಿಗೇ ಬಿಟ್ಟೆವು. ಯಾರ ಮಾತಿನ ಮೇಲೆ, ಯಾರ ಕೈಗೆ, ಎಷ್ಟು ಬಾಕ್ಸ್ ಕೊಟ್ಟೆವು ಅಂತ ಬರೆಯಲು ಸ್ಕ್ರೀನಿನಲ್ಲಿ ಒಂದು ಸಾಲು ಇಟ್ಟೆವು.