ಹಳೇ ಡೆಸ್ಕ್‌ಟಾಪ್‌ಗೆ ಹೊಸ ಓಎಸ್: ಚೀಟಿ ಹಿಡಿದು ಆರಿಸಿದ್ದು

ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ. ಡೆಸ್ಕ್‌ಟಾಪ್ 2014ರಲ್ಲಿ ಕೊಂಡದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ಹಗಲು ಅಪ್ಪ ಅದರಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಕನ್ನಡ ಟೈಪ್ ಮಾಡುತ್ತಾರೆ. ರಾತ್ರಿ ನಾನು ಆರ್ಡುಯಿನೊ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಹಿಡಿದು ಕೂರುತ್ತೇನೆ. 2023ರ ಬೇಸಿಗೆ ಹೊತ್ತಿಗೆ ವಿಂಡೋಸ್ 10 ತೀರಾ ನಿಧಾನ ಆಗಿತ್ತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರೇ ಬೇಕು. 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂದೂ ಗೊತ್ತಿತ್ತು. ಚೆನ್ನಾಗಿ ಓಡುವ ಮೆಷಿನ್ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕೋಣ ಎಂದುಕೊಂಡೆ. ಆದರೆ ಯಾವ ಲಿನಕ್ಸ್? ಉಬುಂಟು, ಡೆಬಿಯನ್, ಮಿಂಟ್ ಎಂದು ಅದರಲ್ಲಿ ಹಲವು ಬಗೆ. ಅದೊಂದು ಇದೊಂದು ಓದುತ್ತಾ ಎರಡು ವಾರ ಸುಮ್ನೆ ಕಳೆದೆ. ಓದಿದಷ್ಟೂ ಗೊಂದಲ ಜಾಸ್ತಿ. ಕೊನೆಗೆ ಒಂದು ಚೀಟಿಯಲ್ಲಿ ನಮ್ಮ ಮನೆಯ ಕೆಲಸ ಬರೆದೆ. ಅಪ್ಪನ ಹಳೇ ಕಡತ ತೆರೆಯಬೇಕು, ಅವರ ಕೈಗೆ ರೂಢಿ ಇರುವ ಹಾಗೇ ಕನ್ನಡ ಟೈಪ್ ಆಗಬೇಕು, ಆರ್ಡುಯಿನೊಗೆ ಪ್ರೋಗ್ರಾಂ ಹೋಗಬೇಕು, ಪ್ರಿಂಟರ್ ಓಡಬೇಕು. ಆಮೇಲೆ 32 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿದೆ. ಇದು ಬಹಳ ಒಳ್ಳೆಯ ಸಾಧನ. ಓಎಸ್ ಇಡಿಯಾಗಿ ತುಂಬಿರುವ ಐಎಸ್ಒ ಫೈಲ್‌ಗಳನ್ನು ಅದಕ್ಕೆ ಕಾಪಿ ಮಾಡಿದರೆ ಸಾಕು, ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕು ಎಂದು ಕೇಳುತ್ತದೆ. ಇನ್‌ಸ್ಟಾಲ್ ಮಾಡದೆ ಒಂದೊಂದನ್ನೂ ಓಡಿಸಿ ನೋಡಬಹುದು.

ಉಬುಂಟು ಚೆಂದ ಇತ್ತು, ಆದರೆ 4 ಜಿಬಿಗೆ ಭಾರ. ಡೆಬಿಯನ್ 11 ಹಗುರ, ಆದರೆ ನನ್ನ ವೈಫೈ ಡಾಂಗಲ್ ಎದ್ದೇಳಲಿಲ್ಲ. ಆಗ ಅವರ ಅಧಿಕೃತ ಐಎಸ್ಒದಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ಡಾಂಗಲ್‌ನಂಥ ಸಾಧನ ಎದ್ದೇಳಲು ಬೇಕಾದ, ಕಂಪನಿಯದೇ ಆದ ತಂತ್ರಾಂಶ) ಸೇರಿಸುತ್ತಿರಲಿಲ್ಲ. 12ರಿಂದ ಸೇರಿಸಿದ್ದಾರೆ. ಮಿಂಟ್ 21ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯಲ್ಲಿ ವೈಫೈ, ಸೌಂಡ್ ಎಲ್ಲಾ ಮೊದಲ ಸಲಕ್ಕೇ ಬಂದವು. ಸುಮ್ಮನೆ ಕೂತಾಗ ಒಂದು ಜಿಬಿಗಿಂತ ಕಡಿಮೆ ರ‍್ಯಾಮ್ ತಿನ್ನುತ್ತಿತ್ತು.

ನಿಜವಾದ ಪರೀಕ್ಷೆ ಕನ್ನಡದ್ದು. ಅಪ್ಪನ ಕಡತ ತೆರೆದರೆ ಮೇಲೆ ಕೆಳಗೆ ಚುಕ್ಕಿ, ಗೆರೆ ಇರುವ ಇಂಗ್ಲಿಷ್ ಅಕ್ಷರಗಳು ಬಂದವು. ಅಪ್ಪ ಗಾಬರಿಯಾದರು. "ಹತ್ತು ವರ್ಷದ್ದು ಹೋಯ್ತಾ?" ಎಂದರು. ಏನೂ ಹೋಗಿರಲಿಲ್ಲ. ಹಳೇ ನುಡಿ ಕಡತಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದು. ವಿಂಡೋಸ್‌ನಿಂದ ನುಡಿ ಫಾಂಟ್ ಫೈಲ್ ತಂದು ಹಾಕಿದೆ. ಕಡತ ತೆರೆದಿದ್ದ ಲಿಬ್ರೆ ಆಫೀಸ್ ಮುಚ್ಚಿ ತೆರೆದ ಕೂಡಲೇ ಅಕ್ಷರಗಳು ಮೊದಲಿನ ಹಾಗೇ ಬಂದವು.

ಟೈಪ್ ಮಾಡುವುದು ಇನ್ನೂ ಸುಲಭ ಆಯಿತು. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ಲಿನಕ್ಸ್ ಒಳಗೇ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತದ ಕೀಲಿಮಣೆಗಳ ಜೊತೆ ಹುಡುಕಬೇಕು. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ "ಕನ್ನಡ". ನುಡಿಯಲ್ಲೂ ಇದೇ ಕೀಲಿಮಣೆ, ಅಪ್ಪನ ಬೆರಳಿಗೆ ಬೇರೆ ಪಾಠ ಬೇಕಾಗಲಿಲ್ಲ. ಒಂದೇ ವ್ಯತ್ಯಾಸ, ಪದದ ಮೊದಲಿಗೇ ಇ, ಉ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಇಲ್ಲದಿದ್ದರೆ ಬರೀ ಗುಣಿತದ ಚಿಹ್ನೆ ಬರುತ್ತದೆ. "ಇಂದು" ಬರೆಯಲು ಎರಡು ದಿನ ಒದ್ದಾಡಿದರು, ಆಮೇಲೆ ಕೈ ಕೂತಿತು. ಯೂನಿಕೋಡ್ ಫಾಂಟ್‌ಗಳ ಪಟ್ಟಿಯಲ್ಲಿ "ಗುಬ್ಬಿ" ಎಂಬ ಹೆಸರು ಕಂಡು ಅವರಿಗೆ ಖುಷಿಯೋ ಖುಷಿ. ಅವರ ಹುಟ್ಟೂರು ಗುಬ್ಬಿ ತಾಲ್ಲೂಕಿನಲ್ಲಿದೆ. ಪಕ್ಕದಲ್ಲೇ "ನವಿಲು" ಫಾಂಟ್ ಇರುವುದು ನೋಡಿದರೆ ಅದು ಹಕ್ಕಿಯ ಹೆಸರೇ ಇರಬೇಕು. ಆದರೂ ಅಪ್ಪ ಅದರಲ್ಲೇ ಬರೆಯುತ್ತಾರೆ.

ಮಿಂಟ್ ಎಂದು ಅಲ್ಲೇ ತೀರ್ಮಾನ ಆಯಿತು. ಒಂದು ಭಾನುವಾರ ಬಿಟ್ಟು ಸೋಮವಾರ ರಜೆ ಹಾಕಿ, ಬೆಳಗಿನ ರೈಲಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 240 ಜಿಬಿ ಎಸ್ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ತಂದೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಇದ್ದ ಹಾರ್ಡ್ ಡಿಸ್ಕ್‌ನ ವೈರ್ ಕಿತ್ತಿಟ್ಟಿದ್ದೆ. ಕೈತಪ್ಪಿ ಅಪ್ಪನ ಕಡತ ಅಳಿಸಿ ಹೋಗಬಾರದಲ್ಲ. ಮತ್ತೆ ಜೋಡಿಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ! ಮದರ್‌ಬೋರ್ಡ್ ಗಡಿಯಾರವನ್ನು ಲಿನಕ್ಸ್ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಎಂದು ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡಲು ಹೇಳಿದೆ, ಸರಿಹೋಯಿತು.

ನನ್ನ ರಾತ್ರಿ ಕೆಲಸ ಮಾತ್ರ ಸತಾಯಿಸಿತು. ಸಂಪ್ ಮತ್ತು ಮೇಲಿನ ಟ್ಯಾಂಕ್‌ನ ನೀರಿನ ಮಟ್ಟ ಅಳೆಯಲು ಒಂದು ಆರ್ಡುಯಿನೊ ನ್ಯಾನೊ ಬೋರ್ಡ್ ಇಟ್ಟಿದ್ದೇನೆ. ಯುಎಸ್‌ಬಿಗೆ ಚುಚ್ಚಿದರೆ ಪೋರ್ಟ್ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಕೇಬಲ್ ಮೂರು ಸಲ ಬದಲಿಸಿದೆ. ಕೊನೆಗೆ ಕರ್ನಲ್ (ಲಿನಕ್ಸ್‌ನ ಒಳತಿರುಳು) ಬರೆದಿಟ್ಟ ಸಂದೇಶ ಓದಿದಾಗ ಗೊತ್ತಾಯಿತು. ಅಗ್ಗದ ಬೋರ್ಡ್‌ಗಳಲ್ಲಿರುವ ಯುಎಸ್‌ಬಿ ಸಂಪರ್ಕ ಕೊಡುವ ಸಿಎಚ್340 ಚಿಪ್‌ನ ಯುಎಸ್‌ಬಿ ಗುರುತು, ಕಣ್ಣು ಕಾಣದವರು ಬಳಸುವ ಒಂದು ಬ್ರೈಲ್ ಸಾಧನದ ಗುರುತು, ಎರಡೂ ಒಂದೇ. ಉಬುಂಟು 22.04 ಮೇಲೆ ನಿಂತ ಮಿಂಟ್ 21ರಲ್ಲಿ ಬ್ರೈಲ್ ತಂತ್ರಾಂಶ ಮೊದಲೇ ಇರುತ್ತದೆ, ಅದೇ ಪೋರ್ಟ್ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಅದರ ಅಗತ್ಯ ಯಾರಿಗೂ ಇಲ್ಲ, ತೆಗೆದೆ. ಅಗತ್ಯ ಇರುವ ಮನೆಯಲ್ಲಿ ತೆಗೆಯಬೇಡಿ, ಬೇರೆ ಚಿಪ್ ಇರುವ ಬೋರ್ಡ್ ತನ್ನಿ. ಆಮೇಲೂ ಅನುಮತಿ ಇಲ್ಲ ಎಂದಿತು. ನನ್ನ ಹೆಸರನ್ನು, ಈ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬಂದ ಮೇಲೆ ಪ್ರೋಗ್ರಾಂ ಹೋಯಿತು.

ಚೀಟಿಯಲ್ಲಿ ಉಳಿದದ್ದು ಪ್ರಿಂಟರ್ ಒಂದೇ. ಹಳೇ ಲೇಸರ್ ಪ್ರಿಂಟರ್, ಲಿನಕ್ಸ್‌ನಲ್ಲಿ ಒಂದು ಪುಟ ಬಂದರೆ ಇನ್ನೊಂದು ಬರುವುದಿಲ್ಲ. ಅದಕ್ಕಾಗಿಯೇ ವಿಂಡೋಸ್ 10 ಉಳಿಸಿಕೊಂಡಿದ್ದೇನೆ. ಬೆಂಬಲ ನಿಂತ ಮೇಲೆ, ಅದಕ್ಕೆ ಹೋಗುವ ಮೊದಲು ಇಂಟರ್‌ನೆಟ್ ಸಿಗದ ಹಾಗೆ ವೈಫೈ ಡಾಂಗಲ್ ಕಿತ್ತಿಡುತ್ತೇನೆ. ಪ್ರಿಂಟ್ ತೆಗೆದು ಮಿಂಟ್‌ಗೆ ವಾಪಸ್ ಬಂದು ಮತ್ತೆ ಚುಚ್ಚುತ್ತೇನೆ.