ಕೌಲಾಲಂಪುರದಿಂದ ಸಿಂಗಪುರಕ್ಕೆ ಬಸ್ಸಿನಲ್ಲಿ: ಗಡಿ ದಾಟಿಸುವವರು ಪಕ್ಕದ ಸೀಟಿನವರು

ಬೆಂಗಳೂರಿನಿಂದ ಮಲೇಷ್ಯಾ, ಸಿಂಗಪುರ ಎರಡನ್ನೂ ಒಂದೇ ಏಟಿಗೆ ನೋಡಿ ಬರುವವರು ನಡುವಿನ ದಾರಿಗೂ ವಿಮಾನವನ್ನೇ ಹಿಡಿಯುತ್ತಾರೆ. ನಾನು ಹಿಡಿಯುವುದು ಬಸ್ಸು. ಸುಮಾರು 350 ಕಿ.ಮೀ., ಗಡಿಯಲ್ಲಿ ರಷ್ ಇಲ್ಲದಿದ್ದರೆ ಐದಾರು ಗಂಟೆ. ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದೇ ಸೀಟಿರುವ ಬಸ್ ಸಿಕ್ಕರೆ ಕಾಲು ಚಾಚಿ ಮಲಗಬಹುದು. ಪೇಚಾಟವೆಲ್ಲ ಗಡಿಯಲ್ಲಿ.

ನಮ್ಮ ಆನಂದರಾವ್ ಸರ್ಕಲ್‌ನಲ್ಲಿ ಹತ್ತುವ ಬಸ್ಸಿನಲ್ಲಿ ಕ್ಲೀನರ್ ಇರುತ್ತಾನೆ. ಊಟಕ್ಕೆ ನಿಲ್ಲಿಸಿದಾಗ ತಲೆ ಎಣಿಸುತ್ತಾನೆ, ಒಬ್ಬರು ಕಡಿಮೆಯಾದರೆ ಫೋನ್ ಮಾಡುತ್ತಾನೆ. ಅಲ್ಲಿ ಸಾಮಾನ್ಯವಾಗಿ ಡ್ರೈವರ್ ಒಬ್ಬನೇ. ಗಡಿಯಲ್ಲಿ ಎಲ್ಲರನ್ನೂ ಇಳಿಸಿ, ಆಚೆ ಬದಿಗೆ ಬಸ್ ಒಯ್ದು ಕಾಯುತ್ತಾನೆ, ಅದೂ ಒಂದು ಮಿತಿಯವರೆಗೆ. ಆ ಎರಡು ದೇಶದವರು ಆಟೋಗೇಟ್‌ನಲ್ಲಿ ಸರಸರ ದಾಟಿಬಿಡುತ್ತಾರೆ, ನಮ್ಮ ಪಾಸ್‌ಪೋರ್ಟು ಹೆಚ್ಚಾಗಿ ಅಧಿಕಾರಿ ಕೂತಿರುವ ಕೌಂಟರಿಗೇ ಹೋಗಬೇಕು. ಹಾಗಾಗಿ ಕೊನೆಗೆ ಬಂದು ಬಸ್ ಹತ್ತುವವರು ನಾವೇ. ಆ ಹೊತ್ತಿನಲ್ಲಿ ‘ಇನ್ನೊಬ್ಬರು ಬರಬೇಕು’ ಎಂದು ಡ್ರೈವರಿಗೆ ಹೇಳುವ ಬಾಯಿ ಬೇಕು. ಹೇಳಲು ಜನ ತಯಾರಿರುತ್ತಾರೆ, ಆದರೆ ನೀವೊಬ್ಬರು ಹಿಂದೆ ಉಳಿದಿದ್ದೀರಿ ಅನ್ನುವುದು ಅವರಿಗೆ ಗೊತ್ತಿರಬೇಕಲ್ಲ.

ಕಾಗದಪತ್ರ ಬೆಂಗಳೂರಿನಲ್ಲೇ ಮುಗಿಸಿ. ಮಲೇಷ್ಯಾಕ್ಕೆ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. ಇದು ಅವಧಿ ಹಾಕಿ ವಿಸ್ತರಿಸುತ್ತಾ ಬಂದ ರಿಯಾಯಿತಿ, ಟಿಕೆಟ್ ತೆಗೆಯುವ ಮುನ್ನ ಮತ್ತೊಮ್ಮೆ ನೋಡಿಕೊಳ್ಳಿ. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಅದನ್ನು ಮಾನ್ಯತೆ ಪಡೆದ ಏಜೆಂಟರ ಮೂಲಕ ಮಾಡಿಸಬೇಕು. ಎರಡೂ ದೇಶಗಳಿಗೆ ಡಿಜಿಟಲ್ ಅರೈವಲ್ ಕಾರ್ಡ್ ಇದೆ, ತಲುಪುವ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಎರಡೂ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ವೀಸಾದ ಪ್ರಿಂಟ್ ಕೈಯಲ್ಲಿರಲಿ. ಗಡಿ ಹತ್ತಿರವಾದಂತೆ ಫೋನು ಒಂದು ದೇಶದ ನೆಟ್‌ವರ್ಕ್ ಬಿಟ್ಟು ಇನ್ನೊಂದಕ್ಕೆ ಹಾರುತ್ತದೆ, ಕೌಂಟರ್ ಮುಂದೆ ನಿಂತಾಗಲೇ ಡೇಟಾ ಕೈಕೊಡುತ್ತದೆ.

ಕೌಲಾಲಂಪುರದ ದಕ್ಷಿಣ ದಿಕ್ಕಿನ ಬಸ್ಸುಗಳಿಗೆ ದೊಡ್ಡ ನಿಲ್ದಾಣ ಟಿಬಿಎಸ್. ಏರ್‌ಪೋರ್ಟಿನಿಂದ ಕೆಎಲ್‌ಐಎ ಟ್ರಾನ್ಸಿಟ್ ರೈಲು ಹತ್ತಿ ಬಂಡಾರ್ ತಾಸಿಕ್ ಸೆಲಾತಾನ್‌ನಲ್ಲಿ ಇಳಿದರೆ ನಡೆದೇ ಒಳಗೆ ಹೋಗಬಹುದು. ಎಕ್ಸ್‌ಪ್ರೆಸ್ ರೈಲು ಅಲ್ಲಿ ನಿಲ್ಲುವುದಿಲ್ಲ. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸಿಂಗಪುರದ ಶಾಲಾ ರಜೆ, ಈ ಮೂರನ್ನೂ ತಪ್ಪಿಸಿ. ವಾರದ ನಡುವೆ ಬೆಳಗಿನ ಬಸ್ ವಾಸಿ. ಎಸಿ ವಿಪರೀತ ತಣ್ಣಗಿರುತ್ತದೆ, ಶಾಲು ಕೈಚೀಲದಲ್ಲಿರಲಿ. ದಾರಿಯಲ್ಲಿ ಒಮ್ಮೆ ಹೆದ್ದಾರಿಯ ವಿಶ್ರಾಂತಿ ತಾಣ ಆರ್ ಅಂಡ್ ಆರ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಸಸ್ಯಾಹಾರಿಗಳು ನಾಸಿ ಲೆಮಾಕ್ ನೋಡಿ ಬರೀ ತೆಂಗಿನಹಾಲಿನ ಅನ್ನ ಅಂದುಕೊಳ್ಳಬೇಡಿ, ಜೊತೆಗೆ ಬರುವ ಖಾರದ ಚಟ್ನಿ ಸಂಬಲ್‌ನಲ್ಲಿ ಸಣ್ಣ ಒಣಮೀನು ಇರುತ್ತದೆ. ನನ್ನ ಚೀಲದಲ್ಲಿ ಕೋಡುಬಳೆ ಇರುತ್ತದೆ. ಪಕ್ಕದವರ ಜೊತೆ ಮಾತು ಶುರುವಾಗುವುದೂ ಹೆಚ್ಚಾಗಿ ಆ ಪೊಟ್ಟಣದಿಂದಲೇ.

ಹತ್ತುವಾಗ ನಂಬರ್ ಪ್ಲೇಟ್ ಸಮೇತ ಬಸ್ಸಿನ ಮುಂಭಾಗದ ಫೋಟೊ ತೆಗೆಯಿರಿ. ಗಡಿಯಲ್ಲಿ ಒಂದೇ ಕಂಪನಿಯ, ಒಂದೇ ಬಣ್ಣದ ಮೂರು ನಾಲ್ಕು ಬಸ್ ನಿಂತಿರುತ್ತವೆ. ಸಾಧ್ಯವಾದರೆ ಮುಂದಿನ ಸಾಲಿನ ಸೀಟು ತೆಗೆದುಕೊಳ್ಳಿ, ಡ್ರೈವರಿಗೆ ನಿಮ್ಮ ಮುಖ ಪರಿಚಯವಾಗುತ್ತದೆ. ಆರ್ ಅಂಡ್ ಆರ್ ಬಿಟ್ಟ ಮೇಲೆ, ಎಲ್ಲರೂ ನಿದ್ದೆಗೆ ಜಾರುವ ಮೊದಲು, ಪಕ್ಕದವರಿಗೆ ಹೇಳಿ: ‘ಆಂಟಿ, ನನ್ನದು ಇಂಡಿಯನ್ ಪಾಸ್‌ಪೋರ್ಟ್, ಕೌಂಟರ್ ಲೈನು. ತಡವಾದರೆ ಡ್ರೈವರಿಗೆ ಒಂದು ಮಾತು ಹೇಳ್ತೀರಾ?’ ಸರಳ ಇಂಗ್ಲಿಷ್ ಸಾಕು. ಮಲೇಷ್ಯಾದಲ್ಲಿ ತಮಿಳರು ಬಹಳ, ಶಿವಾಜಿನಗರದ ಹರಕು ತಮಿಳೂ ಕೆಲಸಕ್ಕೆ ಬರುತ್ತದೆ. ಇಷ್ಟು ಹೇಳಿದರೆ ಅವರು ತಾವಾಗಿಯೇ ಹೊಣೆ ಹೊತ್ತುಕೊಳ್ಳುತ್ತಾರೆ. ಯಾವ ಎಸ್ಕಲೇಟರ್, ಯಾವ ಸಾಲು, ಬಸ್ ಯಾವ ಬೇಯಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತಾರೆ. ವಾರವಾರ ಗಡಿ ದಾಟುವವರಿಗೆ ಅಲ್ಲಿನ ಮೂಲೆಮೂಲೆಯೂ ಗೊತ್ತು. ಸುಮ್ಮನೆ ಕಿಟಕಿ ನೋಡುತ್ತಾ ಕೂತವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಮಲೇಷ್ಯಾ ಬಿಡುವಾಗ ಸಾಮಾನ್ಯವಾಗಿ ದೊಡ್ಡ ಸೂಟ್‌ಕೇಸ್ ಬಸ್ಸಿನಲ್ಲೇ ಇರುತ್ತದೆ, ಪಾಸ್‌ಪೋರ್ಟ್ ಮತ್ತು ಕೈಚೀಲ ಹಿಡಿದು ಇಳಿದರೆ ಸಾಕು. ಸಿಂಗಪುರ ಸೇರುವಾಗ ಎಲ್ಲವನ್ನೂ ಇಳಿಸಿ ಎಕ್ಸ್‌ರೇಗೆ ಹಾಕಬೇಕು. ಒಬ್ಬರೇ ಎಳೆಯಲಾಗದ ಸಾಮಾನು ತಂದವರು ಹಿಂದೆ ಬೀಳುವುದು ಇಲ್ಲೇ. ಚೂಯಿಂಗ್ ಗಮ್, ಗುಟ್ಕಾ, ಅಗಿಯುವ ತಂಬಾಕು, ವೇಪ್ ಯಾವುದೂ ಕೂಡದು. ಸಿಗರೇಟಿಗೆ ತೆರಿಗೆ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಕಸ್ಟಮ್ಸ್‌ನ ಕೆಂಪು ಸಾಲಿಗೆ ಹೋಗಿ ತೆರಿಗೆ ಕಟ್ಟಬೇಕು. ಮಲೇಷ್ಯಾ ಕಡೆಯಿಂದ ಬಂದರೆ ಮದ್ಯಕ್ಕೂ ಅಷ್ಟೇ.

ಉಪಕಾರಕ್ಕೆ ಒಂದು ಗೆರೆ ಇಲ್ಲಿದೆ. ಬಸ್ಸಿನ ಮೆಟ್ಟಿಲಲ್ಲಿ ಅಜ್ಜಿಯ ಚೀಲ ಎತ್ತಿ ಕೊಡಿ, ಆದರೆ ಎಕ್ಸ್‌ರೇ ಮೂಲಕ ಇನ್ನೊಬ್ಬರ ಚೀಲ ಒಯ್ಯಬೇಡಿ, ನಿಮ್ಮದನ್ನೂ ಯಾರ ಕೈಗೂ ಕೊಡಬೇಡಿ. ಸಿಂಗಪುರದ ಕಾನೂನಿನಲ್ಲಿ 15 ಗ್ರಾಂ ಮೀರಿದ ಶುದ್ಧ ಹೆರಾಯಿನ್ ಸಾಗಣೆಗೆ ಮರಣದಂಡನೆ ಇದೆ. ‘ನನಗೆ ಗೊತ್ತಿರಲಿಲ್ಲ’ ಅನ್ನುವುದನ್ನು ನೀವೇ ಸಾಬೀತು ಮಾಡಬೇಕು. ಕೊಡಲ್ಲ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಲ್ಲಿನವರಿಗೆ ಕಾರಣ ಗೊತ್ತು.

ಇಷ್ಟಾದರೂ ಬಸ್ ಹೋಗಿಬಿಟ್ಟರೆ ಟಿಕೆಟ್ ತೋರಿಸಿ ಅದೇ ಕಂಪನಿಯ ಮುಂದಿನ ಬಸ್ಸಿನ ಡ್ರೈವರನ್ನು ಕೇಳಿ. ಸೀಟು ಖಾಲಿಯಿದ್ದರೆ ಹತ್ತಿಸಿಕೊಳ್ಳುವುದುಂಟು. ವುಡ್‌ಲ್ಯಾಂಡ್ಸ್ ಗಡಿಯಾದರೆ (ಸಿಂಗಪುರಕ್ಕೆ ರಸ್ತೆಯಲ್ಲಿ ಎರಡು ಗಡಿ: ಇದು, ಟುವಾಸ್) ಚಿಂತೆಯಿಲ್ಲ: 950ನೇ ನಂಬರ್ ಬಸ್ ವುಡ್‌ಲ್ಯಾಂಡ್ಸ್ ಮೆಟ್ರೋ ಹತ್ತಿರ ಬಿಡುತ್ತದೆ, 170 ಬುಗಿಸ್ ಪಕ್ಕದ ಕ್ವೀನ್ ಸ್ಟ್ರೀಟ್‌ವರೆಗೆ ಹೋಗುತ್ತದೆ. ಅಂತರರಾಷ್ಟ್ರೀಯ ಬಳಕೆಗೆ ತೆರೆದಿಟ್ಟ, ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಇದ್ದರೆ ಚಿಲ್ಲರೆಯೂ ಬೇಡ. ಟುವಾಸ್ ಗಡಿಯಲ್ಲಿ ನಗರ ಬಸ್ ಕಡಿಮೆ, ಹಾಗಾಗಿ ನಿಮ್ಮ ಬಸ್ ಯಾವ ಗಡಿಯಲ್ಲಿ ದಾಟುತ್ತದೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿ.

ವಾಪಸ್ ಬಸ್ಸಿನಲ್ಲೇ ಕೌಲಾಲಂಪುರಕ್ಕೆ ಬಂದು ಬೆಂಗಳೂರಿನ ವಿಮಾನ ಹಿಡಿಯುವವರು ಮಲೇಷ್ಯಾದ ಅರೈವಲ್ ಕಾರ್ಡನ್ನು ಹೊಸದಾಗಿ ತುಂಬಬೇಕು, ಮೊದಲಿನದು ನಡೆಯುವುದಿಲ್ಲ. ಈ ಸಲ ಚೀಲ ಇಳಿಸುವುದು ಮಲೇಷ್ಯಾ ಬದಿಯಲ್ಲಿ.